ಎಣ್ಣಿ ಬಾಟಲಿಯ ಚೀಟಿ ಬರೆಯೋರು ಯಾರು?

ಅಂಗಡಿಯಿಂದ ತಂದ ಎಣ್ಣಿ ಬಾಟಲಿಯ ಜೊತೆ ಒಂದು ಚೀಟಿ ಬರುತ್ತದೆ. ಹತ್ತು ಮಡಿಕೆ ಹಾಕಿದ ತೆಳು ಕಾಗದ. (ಬೇರೆ ಕಡೆಯವರಿಗೆ ಹೇಳಬೇಕು: ನಮ್ಮ ಹಾವೇರಿ, ಗದಗ ಕಡೆ ಬೆಳೆಗೆ ಹೊಡೆಯುವ ಔಷಧಿಗೆ ಎಣ್ಣಿ ಅಂತಾರೆ.) ಆ ಚೀಟಿ ಡಬ್ಬಿ ಬಿಚ್ಚಿದ ಜಾಗದಲ್ಲೇ, ಹೊಲದ ಬದುವಿನ ಮೇಲೆ ಬಿದ್ದಿರುತ್ತದೆ. ಗಾಳಿ ಬಂದರೆ ಪಕ್ಕದವರ ಹೊಲಕ್ಕೆ ಹೋಗುತ್ತದೆ. ಓದಿದವರನ್ನು ನಾನು ಕಂಡಿದ್ದು ಬಹಳ ಕಡಿಮೆ.

ರೈತರಿಗೆ ಓದುವ ಅಭ್ಯಾಸ ಇಲ್ಲ, ಎಷ್ಟು ಹೇಳಿದರೂ ಅಷ್ಟೇ ಅಂತ ಅಧಿಕಾರಿಗಳು ಸಭೆಗಳಲ್ಲಿ ಹೇಳುತ್ತಾರೆ. ಹತ್ತು ವರ್ಷದಿಂದ ಈ ಮಾತನ್ನು ನಾನೇ ವರದಿ ಮಾಡಿ ಕಳಿಸಿದ್ದೇನೆ. ಇವತ್ತು ಇದೇ ಮಾತಿನ ಮೇಲೆ ಜಗಳ ತೆಗೆಯಬೇಕು ಅಂತ ಕೂತಿದ್ದೇನೆ. ನಮ್ಮ ರೈತ ಓದುತ್ತಾನೆ. ವಾಟ್ಸಾಪಿನಲ್ಲಿ ಬರುವ ಎರಡು ಪುಟದ ಸುಳ್ಳನ್ನೂ ಕೊನೆಯ ಸಾಲಿನವರೆಗೆ ಓದುತ್ತಾನೆ, ಓದಿ ಬೇರೆಯವರಿಗೂ ಕಳಿಸುತ್ತಾನೆ. ಚೀಟಿ ಓದದೇ ಇರುವುದಕ್ಕೆ ಕಾರಣ ಇಷ್ಟೇ, ಅದು ಅವನಿಗೆ ಬರೆದದ್ದಲ್ಲ.

ಹಾಗಾದರೆ ಯಾರಿಗೆ ಬರೆದದ್ದು? ಕಾನೂನಿಗೆ. 1968ರ ಕೀಟನಾಶಕ ಕಾಯ್ದೆ, 1971ರ ಅದರ ನಿಯಮಗಳು ಇವೆ. ಬಾಟಲಿಯ ಮೇಲಿನ ಲೇಬಲ್ಲು, ಒಳಗಿನ ಚೀಟಿ ಎರಡೂ ಹಿಂದಿ, ಇಂಗ್ಲಿಷ್ ಜೊತೆಗೆ ಮಾರಾಟವಾಗುವ ಪ್ರದೇಶದ ಒಂದೆರಡು ಭಾಷೆಗಳಲ್ಲಿ ಇರಬೇಕು ಅಂತ ನಿಯಮ ಹೇಳುತ್ತದೆ. ಬಾಟಲಿಯ ಮೇಲೆ ಬಣ್ಣದ ತ್ರಿಕೋನ ಇರಬೇಕು: ಕೆಂಪು ಅಂದರೆ ಅತಿ ಘೋರ ವಿಷ, ಆಮೇಲೆ ಹಳದಿ, ನೀಲಿ, ಕೊನೆಗೆ ಹಸಿರು. ಹಸಿರು ಅಂದರೆ ಪರವಾಗಿಲ್ಲ, ಕುಡಿಯುವ ನೀರಿನ ಹಾಗೆ ಅಂದುಕೊಂಡ ಜನ ನಮ್ಮ ತಾಲೂಕಿನಲ್ಲಿ ಬೇಕಾದಷ್ಟು ಇದ್ದಾರೆ. ಹಸಿರು ತ್ರಿಕೋನದ ಅರ್ಥ ಉಳಿದವುಗಳಿಗಿಂತ ಕಡಿಮೆ ವಿಷ ಅಂತ ಮಾತ್ರ. ವಿಷ ಇಲ್ಲ ಅಂತ ಅಲ್ಲ. ಈ ಒಂದು ಸಾಲನ್ನು ಜನರಿಗೆ ತಲುಪುವ ಹಾಗೆ ಬರೆದವರು ಯಾರಿದ್ದಾರೆ ಹೇಳಿ.

ಕಂಪನಿ ಕನ್ನಡದಲ್ಲಿ ಅಚ್ಚು ಹಾಕಿಸುತ್ತದೆ, ನಿಯಮ ಪಾಲಿಸಿದ ಹಾಗಾಯಿತು, ಅಲ್ಲಿಗೆ ಮುಗಿಯಿತು. ಆ ಕನ್ನಡ ಅರ್ಥವಾಗುತ್ತದೋ ಇಲ್ಲವೋ ಅಂತ ಯಾರೂ ಹೊಲಕ್ಕೆ ಬಂದು ಕೇಳುವುದಿಲ್ಲ.

ಒಂದು ಲೆಕ್ಕ ತೋರಿಸುತ್ತೇನೆ. ಇದು ಯಾವುದೇ ಔಷಧಿಯ ಪ್ರಮಾಣ ಅಲ್ಲ, ಬರೀ ಉದಾಹರಣೆ, ಹೊಲಕ್ಕೆ ಬಳಸಬೇಡಿ. ಚೀಟಿಯಲ್ಲಿ ಹೆಕ್ಟೇರಿಗೆ 250 ಮಿ.ಲೀ., 500 ಲೀಟರ್ ನೀರು ಅಂತ ಇದೆ ಅಂದುಕೊಳ್ಳಿ. ನಮ್ಮೂರಲ್ಲಿ ಹೆಕ್ಟೇರ್ ಲೆಕ್ಕದಲ್ಲಿ ಮಾತಾಡುವವರು ಯಾರು? ಎಕರೆ, ಗುಂಟೆ. ಹೆಕ್ಟೇರ್ ಅಂದರೆ ಸುಮಾರು ಎರಡೂವರೆ ಎಕರೆ. ಅಂದರೆ ಎಕರೆಗೆ 100 ಮಿ.ಲೀ., 200 ಲೀಟರ್ ನೀರು. ಆದರೆ ರೈತ 200 ಲೀಟರ್ ಕೊಡ ಹೊತ್ತುಕೊಂಡು ತಿರುಗುವುದಿಲ್ಲ. ಅವನ ಬೆನ್ನ ಮೇಲಿರುವುದು 16 ಲೀಟರಿನ ಬ್ಯಾಟರಿ ಪಂಪು. ಹಾಗಾದರೆ ಒಂದು ಪಂಪಿಗೆ 8 ಮಿ.ಲೀ., ಎಕರೆಗೆ ಹನ್ನೆರಡು–ಹದಿಮೂರು ಪಂಪು. ರೈತನಿಗೆ ಬೇಕಾದ ಮಾತು ಇದೊಂದೇ. ಇದೇ ಚೀಟಿಯಲ್ಲಿ ಇಲ್ಲ. ಅವನು ಅಂಗಡಿಯವನನ್ನು ಕೇಳುತ್ತಾನೆ. ಅಂಗಡಿಯವನು "ಪಂಪಿಗೆ ಒಂದು ಮುಚ್ಚಳ ಹಾಕು" ಅಂತಾನೆ. ಯಾವ ಬಾಟಲಿಯ ಮುಚ್ಚಳ? ಅದರಲ್ಲಿ ಎಷ್ಟು ಹಿಡಿಯುತ್ತದೆ? ಹುಳ ಸಾಯದಿದ್ದರೆ ಮುಂದಿನ ಸಲ ಎರಡು ಮುಚ್ಚಳ, ಜೊತೆಗೆ ಇನ್ನೊಂದು ಬಾಟಲಿಯದೂ ಅರ್ಧ.

2017ರಲ್ಲಿ ಮಹಾರಾಷ್ಟ್ರದ ಯವತ್ಮಾಳದಲ್ಲಿ ಹತ್ತಿಗೆ ಔಷಧಿ ಹೊಡೆಯುವಾಗ ವಿಷ ಏರಿ ಇಪ್ಪತ್ತಕ್ಕೂ ಹೆಚ್ಚು ಮಂದಿ ಸತ್ತರು. ನೂರಾರು ಜನ ಆಸ್ಪತ್ರೆ ಸೇರಿದರು. ಹಲವು ಕಾರಣ ಹೇಳಿದರು: ಎತ್ತರ ಬೆಳೆದ ಹತ್ತಿ, ಮುಖಕ್ಕೆ ಕೈಗೆ ರಕ್ಷಣೆ ಇಲ್ಲದೇ ಇದ್ದದ್ದು, ಒಂದಕ್ಕೊಂದು ಔಷಧಿ ಬೆರೆಸಿದ್ದು. ಚೀಟಿ ಸರಿ ಇದ್ದಿದ್ದರೆ ಎಲ್ಲರೂ ಬದುಕುತ್ತಿದ್ದರು ಅಂತ ನಾನು ಹೇಳುವುದಿಲ್ಲ. ಆದರೆ ಬೆರೆಸಬೇಡಿ, ಗಾಳಿಗೆ ಎದುರಾಗಿ ಹೊಡೆಯಬೇಡಿ ಅನ್ನುವ ಮಾತನ್ನು ಕೂಲಿಯವನಿಗೂ ತಿಳಿಯುವ ಹಾಗೆ ಹೇಳುವ ಕೆಲಸ ಯಾರದೋ ಆಗಿತ್ತಲ್ಲ? ಆ ಯಾರೋ ಅನ್ನುವವರಿಗೆ ಒಂದು ಹೆಸರಿದೆ. ಟೆಕ್ನಿಕಲ್ ರೈಟರ್.

ಈ ಹೆಸರನ್ನು ನಮಗೆ ಡಿಪ್ಲೊಮಾ ಓದುವಾಗ ಯಾರೂ ಹೇಳಲಿಲ್ಲ. ವರದಿ, ಸಂಪಾದನೆ, ನುಡಿಚಿತ್ರ, ಪತ್ರಿಕಾ ಕಾನೂನು ಎಲ್ಲಾ ಹೇಳಿದರು. ತಲೆಬರಹಕ್ಕೆ ಎಷ್ಟು ಅಕ್ಷರ ಅಂತ ಒಂದು ವಾರ ಕಲಿಸಿದರು. ಓದಿ ಹೊರಗೆ ಬಂದ ಮೇಲೆ ನಮ್ಮ ಮುಂದೆ ಇದ್ದದ್ದು ಎರಡು ದಾರಿ. ಬೆಂಗಳೂರಿಗೆ ಹೋಗಿ ಡೆಸ್ಕಿನಲ್ಲಿ ಕೂರುವುದು, ಇಲ್ಲವೇ ಊರಲ್ಲಿ ಅರೆಕಾಲಿಕ ವರದಿಗಾರ ಆಗುವುದು. ಅರೆಕಾಲಿಕ ಅನ್ನುವುದು ಸಂಬಳಕ್ಕೆ ಮಾತ್ರ, ಕೆಲಸ ಬೆಳಿಗ್ಗೆ ಆರರಿಂದ ರಾತ್ರಿ ಹನ್ನೊಂದರ ತನಕ. ಬರುವ ದುಡ್ಡಿಗೆ ಗೌರವಧನ ಅಂತ ಹೆಸರು. ಪೆಟ್ರೋಲ್ ಬಂಕಿನವನು ಆ ಗೌರವವನ್ನು ತೆಗೆದುಕೊಳ್ಳುವುದಿಲ್ಲ.

ಟೆಕ್ನಿಕಲ್ ರೈಟರ್ ಕೆಲಸ ಏನು ಅಂತ ನೇರವಾಗಿ ಹೇಳುತ್ತೇನೆ. ಒಂದು ಯಂತ್ರ, ಔಷಧಿ, ಆ್ಯಪ್ ಅಥವಾ ಸರ್ಕಾರಿ ಸೇವೆಯನ್ನು ಮಾಡಿದವರಿಗೆ ಅದರ ಬಗ್ಗೆ ಎಲ್ಲಾ ಗೊತ್ತು, ಆದರೆ ಹೇಳಲು ಬರುವುದಿಲ್ಲ. ಬಳಸುವವರಿಗೆ ಬೇಕು, ಆದರೆ ಗೊತ್ತಿಲ್ಲ. ನಡುವೆ ನಿಂತು, ಎಂಜಿನಿಯರನ್ನು ಬಿಡದೆ ಕೇಳಿ, ತಾನೇ ಮಾಡಿ ನೋಡಿ, ಬಳಸುವವರ ಮಾತಿನಲ್ಲಿ ಬರೆಯುವುದೇ ಈ ಕೆಲಸ. ಬೆಂಗಳೂರಿನ ಸಾಫ್ಟ್‌ವೇರ್ ಕಂಪನಿಗಳಲ್ಲಿ ಇದಕ್ಕೇ ಅಂತ ಜನ ಇದ್ದಾರೆ, ತಿಂಗಳ ಸಂಬಳ ಇದೆ, ಪಿಎಫ್ ಇದೆ. ಎಂಜಿನಿಯರಿಂಗ್ ಓದಿದವರು ಇದ್ದಾರೆ, ಇಂಗ್ಲಿಷ್ ಸಾಹಿತ್ಯ ಓದಿದವರು ಇದ್ದಾರೆ, ಪತ್ರಿಕೋದ್ಯಮ ಓದಿದವರೂ ಇದ್ದಾರೆ. ಇದು ಹೊಸ ಕಸುಬೂ ಅಲ್ಲ. 1949ರಲ್ಲಿ ಅಮೆರಿಕದಲ್ಲಿ ಬಿನಾಕ್ ಅನ್ನುವ ಕಂಪ್ಯೂಟರಿಗೆ ಜೋಸೆಫ್ ಚಾಪ್ಲಿನ್ ಎಂಬಾತ ಬಳಕೆದಾರರ ಕೈಪಿಡಿ ಬರೆದ.

ಈ ಕೆಲಸಕ್ಕೆ ಬೇಕಾದ ಗುಣ ನೋಡಿ. ಗೊತ್ತಿಲ್ಲ ಅಂತ ನಾಚದೆ ಕೇಳಬೇಕು. ಇಬ್ಬರು ಹೇಳಿದ್ದು ಬೇರೆ ಬೇರೆ ಆದರೆ ಮೂರನೆಯವರನ್ನು ಕೇಳಬೇಕು. ಹೇಳಿದ ಹೊತ್ತಿಗೆ ಮುಗಿಸಿ ಕೊಡಬೇಕು. ಉದ್ದ ಬರೆದದ್ದನ್ನು ಯಾರೋ ಕತ್ತರಿಸಿದರೆ ಅಳಬಾರದು. ಇದು ಜಿಲ್ಲಾ ವರದಿಗಾರನ ದಿನಚರಿಯೇ ಅಲ್ಲವಾ? ತಹಶೀಲ್ದಾರರ ಬಾಯಿ ಬಿಡಿಸಿದವನಿಗೆ ಎಂಜಿನಿಯರ್ ಬಾಯಿ ಬಿಡಿಸುವುದು ಕಷ್ಟವಲ್ಲ.

ಒಂದು ಕಾರ್ಯಾಗಾರದಲ್ಲಿ ನಾನು ಇದೇ ಮಾತು ಎತ್ತಿದೆ. ನಮ್ಮ ಹಿರಿಯ ಪತ್ರಕರ್ತರೊಬ್ಬರು ನಕ್ಕು, "ಬಾಟಲಿ ಚೀಟಿ ಬರಿಯಾಕ ಪತ್ರಿಕೋದ್ಯಮ ಯಾಕ ಓದಬೇಕೋ ತಮ್ಮಾ? ಗುಮಾಸ್ತಿಕಿ ಅದು" ಅಂದರು. ಎಲ್ಲರೂ ನಕ್ಕರು. ನಾನು ಅವರಿಗೆ ಬಹಳ ಗೌರವ ಕೊಡುತ್ತೇನೆ. ಆದರೆ ಈ ಮಾತು ತಪ್ಪು ಮಾತ್ರ ಅಲ್ಲ, ಹುಡುಗರ ಅನ್ನಕ್ಕೆ ಕಲ್ಲು ಹಾಕುವ ಮಾತು. ಮಂತ್ರಿ ಬಂದು ರಿಬ್ಬನ್ ಕತ್ತರಿಸಿದ್ದನ್ನು ಮೂರು ಕಾಲಂ ಬರೆದರೆ ಬರಹ, ರಿಬ್ಬನ್ ಹಿಂದೆ ಇರುವ ಯಂತ್ರವನ್ನು ಕೈ ಕತ್ತರಿಸಿಕೊಳ್ಳದೆ ನಡೆಸುವುದು ಹೇಗೆ ಅಂತ ಬರೆದರೆ ಗುಮಾಸ್ತಿಕೆ?

ಕನ್ನಡದಲ್ಲಿ ಇಂಥ ಬರಹಕ್ಕೆ ಮರ್ಯಾದೆ ಇರಲಿಲ್ಲ ಅಂತಲೂ ಅಲ್ಲ. ಶಿವರಾಮ ಕಾರಂತರು ಕಾದಂಬರಿ ಬರೆದ ಕೈಯಲ್ಲೇ 'ವಿಜ್ಞಾನ ಪ್ರಪಂಚ' ಬರೆದರು. ಪುತ್ತೂರಿನಿಂದ 1988ರಲ್ಲಿ ಶುರುವಾದ 'ಅಡಿಕೆ ಪತ್ರಿಕೆ' ಕೃಷಿಕರ ಕೈಗೇ ಲೇಖನಿ ಕೊಟ್ಟಿತು. ಶ್ರೀಪಡ್ರೆಯವರು ಮತ್ತು ಅವರ ಜೊತೆಗಾರರು ರೈತ ಮಾಡಿದ್ದನ್ನು ಇನ್ನೊಬ್ಬ ರೈತ ನೋಡಿ ಮಾಡುವಷ್ಟು ಸ್ಪಷ್ಟವಾಗಿ ಬರೆಯುವ ಪದ್ಧತಿ ಬೆಳೆಸಿದರು. ಯಾವ ಅಳತೆ, ಎಷ್ಟು ಖರ್ಚು, ಎಲ್ಲಿ ಕೆಟ್ಟಿತು, ಎಲ್ಲಾ. ಅದು ಟೆಕ್ನಿಕಲ್ ರೈಟಿಂಗ್ ಅಲ್ಲದೆ ಮತ್ತೇನು? ನಮ್ಮ ತರಗತಿಗಳಲ್ಲಿ ಅದನ್ನು ಕೃಷಿ ಪತ್ರಿಕೋದ್ಯಮ ಅಂತ ಒಂದು ಪುಟದಲ್ಲಿ ಮುಗಿಸಿದರು.

ಈಗ ಭಾಷೆಯ ವಿಷಯಕ್ಕೆ ಬರುತ್ತೇನೆ. ನನ್ನ ಸಿಟ್ಟೆಲ್ಲ ಇರುವುದು ಇಲ್ಲೇ. ಕಂಪನಿಯವರು ಇಂಗ್ಲಿಷ್ ಚೀಟಿಯನ್ನು ಅನುವಾದದ ಏಜೆನ್ಸಿಗೆ ಕೊಡುತ್ತಾರೆ, ಪದಕ್ಕೆ ಇಷ್ಟು ಪೈಸೆ ಅಂತ. ಈಗ ಆ ಪೈಸೆಯೂ ಉಳಿಯಲಿ ಅಂತ ಕಂಪ್ಯೂಟರಿಗೆ ಹಾಕುತ್ತಾರೆ. ಬರುವುದು ಎಂಥ ಕನ್ನಡ? ಹೀಗೊಂದು ವಾಕ್ಯ ಇದೆ ಅಂದುಕೊಳ್ಳಿ: "ಔಷಧಿಯು ಕಣ್ಣಿಗೆ ತಗುಲಿದ ಸಂದರ್ಭದಲ್ಲಿ ಕೈಗಳಿಂದ ಉಜ್ಜಿ ನೀರಿನಿಂದ ತೊಳೆಯಬಾರದು." ಇದರ ಅರ್ಥ ಏನು? ಉಜ್ಜಬಾರದೋ, ತೊಳೆಯಬಾರದೋ? ಕಣ್ಣು ಉರಿಯುತ್ತಿರುವವನ ಪಕ್ಕದಲ್ಲಿ ನಿಂತು ಓದುವವನು ನೀರಿನ ಕೊಡ ಕೆಳಗಿಟ್ಟರೆ ಯಾರ ತಪ್ಪು? "ಕಣ್ಣಿಗೆ ಬಿತ್ತಾ? ಉಜ್ಜಬೇಡಿ. ಕೂಡಲೇ ಚೊಕ್ಕ ನೀರಿನಿಂದ ತೊಳೆಯಿರಿ. ತೊಳೆಯುತ್ತಾ ಇರಿ. ಆಮೇಲೆ ಬಾಟಲಿ ಸಮೇತ ಡಾಕ್ಟರ ಹತ್ತಿರ ಹೋಗಿ." ಇಷ್ಟು ಬರೆಯಲು ಪಂಡಿತರು ಬೇಕಾ?

ಕನ್ನಡದಲ್ಲಿ ಬೇಡ, ಬಾರದು, ಇಲ್ಲ ಅನ್ನುವ ಮಾತು ವಾಕ್ಯದ ತುದಿಯಲ್ಲಿ ಬರುತ್ತದೆ. ಇಂಗ್ಲಿಷಿನಲ್ಲಿ ಮೊದಲೇ ಬರುತ್ತದೆ. ಇಂಗ್ಲಿಷಿನ ಉದ್ದ ಎಚ್ಚರಿಕೆಯನ್ನು ಹಾಗೇ ಕನ್ನಡಕ್ಕೆ ತಂದರೆ ಓದುವವನು ಅರ್ಧ ವಾಕ್ಯದವರೆಗೂ ಅದನ್ನು ಮಾಡು ಅಂತಲೇ ಓದುತ್ತಾ ಹೋಗುತ್ತಾನೆ. ಕೊನೆಯ ಪದ ಲೇಬಲ್ಲಿನ ಅಂಚಿನಲ್ಲಿ ಅಳಿಸಿಹೋಗಿದ್ದರೆ ಮುಗಿಯಿತು. ಅದಕ್ಕೇ ಕನ್ನಡದ ಎಚ್ಚರಿಕೆ ಎರಡು ಮೂರು ಪದದ್ದಾಗಿರಬೇಕು. "ವಿದ್ಯುತ್ ಸಂಪರ್ಕ ಕಡಿತಗೊಳಿಸದೆ ಸ್ಟಾರ್ಟರ್ ಮುಚ್ಚಳ ತೆರೆಯಬಾರದು" ಅಂತ ಎರಡು ಸಲ 'ಇಲ್ಲ' ಸುತ್ತಿ ಬರೆಯುವುದಕ್ಕಿಂತ "ಮೊದಲು ಮೇನ್ ಸ್ವಿಚ್ ಆಫ್ ಮಾಡಿ. ಆಮೇಲೆ ಮುಚ್ಚಳ ತೆಗೆಯಿರಿ" ಅಂದರೆ ಸಾಕು. ಇದನ್ನು ದೆಹಲಿಯಲ್ಲಿ ಕೂತ ಏಜೆನ್ಸಿ ಕಲಿಸುವುದಿಲ್ಲ. ರಾತ್ರಿ ಎರಡು ಗಂಟೆಗೆ ತ್ರೀಫೇಸ್ ಬಂದಾಗ ಬ್ಯಾಟರಿ ಹಿಡಿದು ಬೋರ್‌ವೆಲ್ ಹತ್ತಿರ ಹೋದವರ ಮನೆಯ ಮಕ್ಕಳಿಗೆ ಗೊತ್ತಿರುತ್ತದೆ.

ಹೊರಗಿನವರು ಈ ಕೆಲಸವನ್ನು ಎಷ್ಟು ಗಂಭೀರವಾಗಿ ತೆಗೆದುಕೊಂಡಿದ್ದಾರೆ ಅಂದರೆ, ವಿಮಾನ ರಿಪೇರಿಯ ಕೈಪಿಡಿಗಳಿಗೆ ಸರಳ ಇಂಗ್ಲಿಷಿನ ಒಂದು ಮಾನಕವನ್ನೇ ಯುರೋಪಿನವರು ಮಾಡಿಕೊಂಡರು. ಇಂಗ್ಲಿಷ್ ಮನೆಮಾತಲ್ಲದ ಮೆಕ್ಯಾನಿಕ್ ತಪ್ಪು ತಿಳಿದರೆ ವಿಮಾನ ಬೀಳುತ್ತದೆ ಅನ್ನುವ ಭಯಕ್ಕೆ. ಅದರಲ್ಲಿ ಒಪ್ಪಿಗೆ ಪಡೆದ ಸಾಮಾನ್ಯ ಪದಗಳು ಸುಮಾರು 900. ಒಂದು ಪದಕ್ಕೆ ಒಂದೇ ಅರ್ಥ. ಕೆಲಸ ಹೇಳುವ ವಾಕ್ಯ 20 ಪದ ಮೀರಬಾರದು. ಇಂಗ್ಲಿಷಿಗೇ ಇದು ಬೇಕಾಯಿತು. ನಮ್ಮ ಹೊಲದ ಕನ್ನಡಕ್ಕೆ ಇಂಥದ್ದು ಮಾಡಿದವರು ಯಾರು? ಒಂದೇ ಚೀಟಿಯಲ್ಲಿ ಒಮ್ಮೆ ದ್ರಾವಣ, ಒಮ್ಮೆ ಮಿಶ್ರಣ, ಒಮ್ಮೆ ಸಿಂಪರಣಾ ದ್ರವ. ಮೂರೂ ಒಂದೇನಾ ಬೇರೆನಾ ಅಂತ ಓದುವವನು ತಲೆ ಕೆರೆದುಕೊಳ್ಳಬೇಕು.

ಸರ್ಕಾರವನ್ನು ಬಿಟ್ಟರೆ ಆಗುತ್ತದಾ? 2022ರ ಕನ್ನಡ ಭಾಷಾ ಸಮಗ್ರ ಅಭಿವೃದ್ಧಿ ಕಾಯ್ದೆ ಬಂತು. ರಾಜ್ಯದಲ್ಲಿ ತಯಾರಾಗಿ ಮಾರಾಟವಾಗುವ ವಸ್ತುಗಳ ಮೇಲೆ ಹೆಸರು, ಬಳಸುವ ವಿಧಾನ ಕನ್ನಡದಲ್ಲಿ ಇರಬೇಕು ಅಂತ 2025ರ ಫೆಬ್ರುವರಿಯಲ್ಲಿ ಆದೇಶವೂ ಹೊರಬಿತ್ತು. ನಾವೆಲ್ಲ ಸಂತೋಷದ ಸುದ್ದಿ ಬರೆದೆವು. ಕನ್ನಡ ಅಕ್ಷರ ಇದೆಯಾ ಅಂತ ನೋಡುವುದು ಸುಲಭ. ಕನ್ನಡ ಓದುವವನಿಗೆ ತಿಳಿಯುತ್ತದಾ ಅಂತ ಪರೀಕ್ಷೆ ಮಾಡುವುದು ಯಾರ ಕೆಲಸ? ಸರ್ಕಾರದ ಸ್ವಂತ ಅರ್ಜಿಗಳನ್ನೇ ನೋಡಿ. ಸೇವಾ ಸಿಂಧುವಿನಲ್ಲಿ ಮನೆಯಲ್ಲೇ ಕೂತು ಅರ್ಜಿ ಹಾಕಬಹುದು ಅಂತಾರೆ. ಹಾಕುವವರು ಎಷ್ಟು ಮಂದಿ? ತಾಲೂಕು ಕಚೇರಿ ಎದುರಿನ ಸೈಬರ್ ಸೆಂಟರಿನಲ್ಲಿ ಸಾಲು ಏಕೆ ನಿಂತಿರುತ್ತದೆ? ಯಾವ ದಾಖಲೆ, ಯಾವ ಸೈಜಿನಲ್ಲಿ, ತಿರಸ್ಕಾರ ಆದರೆ ಮುಂದೇನು, ಇದನ್ನೆಲ್ಲ ಒಂದು ಪುಟದಲ್ಲಿ ತಿಳಿಯುವ ಹಾಗೆ ಬರೆದು ಹಾಕಿದ್ದರೆ ಅಜ್ಜಿಯ ಮೊಮ್ಮಗಳೇ ಮೊಬೈಲಿನಲ್ಲಿ ಹಾಕುತ್ತಿದ್ದಳು. ಅರ್ಥವಾಗದ ಸೂಚನೆಯ ಪ್ರತಿ ಸಾಲಿನ ಹಿಂದೆ ಐವತ್ತು ರೂಪಾಯಿ ತೆಗೆದುಕೊಳ್ಳುವ ಒಬ್ಬ ಏಜೆಂಟ್ ಇದ್ದಾನೆ.

ಇದಕ್ಕೆ ಎದುರು ಮಾತುಗಳೂ ಇವೆ. ಚೀಟಿಯಲ್ಲಿ ಏನಿರಬೇಕು ಅಂತ ಕೇಂದ್ರದ ನೋಂದಣಿ ಸಮಿತಿ ಒಪ್ಪಬೇಕು, ನಮ್ಮಿಷ್ಟದಂತೆ ಬರೆಯಲು ಆಗುವುದಿಲ್ಲ ಅನ್ನುತ್ತಾರೆ ಕಂಪನಿಯವರು. ಸರಿ, ಪ್ರಮಾಣವನ್ನಾಗಲಿ ಎಚ್ಚರಿಕೆಯನ್ನಾಗಲಿ ಬದಲಿಸಿ ಅಂತ ಯಾರು ಹೇಳಿದರು? ವಾಕ್ಯ ಸರಿ ಮಾಡಿ ಅಂತ ಕೇಳುತ್ತಿದ್ದೇವೆ. ಸುಲಭದ ಕನ್ನಡವನ್ನೇ ಒಪ್ಪಿಗೆಗೆ ಕಳಿಸಿ. ಅದೇ ಕಂಪನಿಗಳ ಜಾಹೀರಾತಿನ ಕನ್ನಡ ಎಷ್ಟು ಚೆನ್ನಾಗಿರುತ್ತದೆ ನೋಡಿ! ಗೋಡೆ ಬರಹ, ರೇಡಿಯೋ ಹಾಡು, ಎಲ್ಲಾ ನಮ್ಮ ಮಾತಿನಲ್ಲೇ. ಮಾರುವಾಗ ನಮ್ಮ ಭಾಷೆ ಬರುತ್ತದೆ, ಕಾಪಾಡುವಾಗ ಬರುವುದಿಲ್ಲ.

ಇನ್ನೊಂದು, ಎಲ್ಲಾ ಎಐ ಬರೆಯುತ್ತದೆ, ಈ ಕೆಲಸವೂ ಹೋಗುತ್ತದೆ ಅನ್ನುವುದು. ಇದರಲ್ಲಿ ನಿಜ ಇದೆ, ಮುಚ್ಚಿಡುವುದಿಲ್ಲ. ಕಂಪನಿಗಳು ಬರಹಗಾರರನ್ನು ಕಡಿಮೆ ಮಾಡುತ್ತಿವೆ. ಅಮೆರಿಕದ ಟೆಕ್ನಿಕಲ್ ರೈಟರ್‌ಗಳ ಎಪ್ಪತ್ತು ವರ್ಷ ಹಳೆಯ ಸಂಘ 2025ರ ಜನವರಿಯಲ್ಲಿ ದುಡ್ಡಿಲ್ಲದೆ ಬಾಗಿಲು ಹಾಕಿತು. ಹಾಗಾಗಿ ಇದು ಮುಪ್ಪಿನವರೆಗೆ ಕೂರಿಸಿ ಅನ್ನ ಹಾಕುವ ನೌಕರಿ ಅಂತ ನಾನು ಯಾರಿಗೂ ಆಸೆ ಹುಟ್ಟಿಸುವುದಿಲ್ಲ. ಆದರೆ ಹಾಗೆ ಹೇಳಿ ಹೆದರಿಸುವವರು ಪತ್ರಿಕೆಯ ನೌಕರಿ ಯಾವ ಭದ್ರತೆಯಲ್ಲಿದೆ ಅಂತ ಹೇಳಲಿ. ಮತ್ತೆ, ಯಂತ್ರ ತನಗೆ ಕೊಟ್ಟ ಇಂಗ್ಲಿಷನ್ನು ಕನ್ನಡ ಮಾಡುತ್ತದೆ. ಇಂಗ್ಲಿಷಿನಲ್ಲಿ ಹೆಕ್ಟೇರ್ ಇದ್ದರೆ ಕನ್ನಡದಲ್ಲೂ ಹೆಕ್ಟೇರ್. ಶಾಂತವ್ವನ ಬೆನ್ನ ಮೇಲಿನ ಪಂಪು 16 ಲೀಟರಿನದ್ದು ಅಂತ ಯಾರಾದರೂ ಹೋಗಿ ನೋಡಿದರೆ ಮಾತ್ರ ಗೊತ್ತಾಗುವುದು.

ನಮಗೆ ಇಂಗ್ಲಿಷ್ ಬರುವುದಿಲ್ಲವಲ್ಲ ಅಣ್ಣಾ ಅಂತ ಹುಡುಗಿಯರು ಕೇಳುತ್ತಾರೆ. ಇವತ್ತಿನ ದಿನ ಸಂಬಳದ ಕೆಲಸ ಹೆಚ್ಚಾಗಿ ಇಂಗ್ಲಿಷಿನಲ್ಲೇ ಇದೆ, ಸುಳ್ಳು ಹೇಳಿ ಪ್ರಯೋಜನವಿಲ್ಲ. ಆದರೆ ಈ ಇಂಗ್ಲಿಷ್ ಶೇಕ್ಸ್‌ಪಿಯರ್ ಇಂಗ್ಲಿಷ್ ಅಲ್ಲ. ಗುಂಡಿ ಒತ್ತಿ, ದೀಪ ಹತ್ತುವವರೆಗೆ ಕಾಯಿರಿ, ಅಷ್ಟೇ. ಎರಡು ವರ್ಷ ಹಟ ಹಿಡಿದರೆ ಬರುವಂಥದ್ದು. ಗೂಗಲ್‌ನವರ ಟೆಕ್ನಿಕಲ್ ರೈಟಿಂಗ್ ಪಾಠ ಪುಕ್ಕಟೆ ಇದೆ, ಮೊಬೈಲಿನಲ್ಲೇ ಓದಬಹುದು. ಮಾರ್ಕ್‌ಡೌನ್ ಅನ್ನುವ ಬರೆಯುವ ಪದ್ಧತಿ ಒಂದು ಮಧ್ಯಾಹ್ನದಲ್ಲಿ ಕಲಿಯಬಹುದು, ಗಿಟ್ ಕಲಿಯಲು ಒಂದು ತಿಂಗಳು ತಿಣುಕಬೇಕು. ಫೈರ್‌ಫಾಕ್ಸ್ ಬ್ರೌಸರಿನ ಕನ್ನಡ ಅನುವಾದಕ್ಕೆ ಯಾರು ಬೇಕಾದರೂ ಸೇರಬಹುದು, ದುಡ್ಡು ಬರುವುದಿಲ್ಲ, ಕೈ ಪಳಗುತ್ತದೆ. ಜಿಲ್ಲಾ ಕೇಂದ್ರಗಳಲ್ಲಿ ಮೂವತ್ತು ನಲವತ್ತು ಸಾವಿರ ತೆಗೆದುಕೊಂಡು ಕಂಟೆಂಟ್ ರೈಟಿಂಗ್ ಸರ್ಟಿಫಿಕೇಟ್ ಕೊಡುವ ಅಂಗಡಿಗಳಿಗೆ ಮಾತ್ರ ಹೋಗಬೇಡಿ. ಕೆಲಸ ಕೊಡುವವರು ಕೇಳುವುದು ಸರ್ಟಿಫಿಕೇಟ್ ಅಲ್ಲ, ನೀವು ಬರೆದ ಮಾದರಿ.

ಮಾದರಿಗೆ ಮನೆಯಿಂದ ಹೊರಗೆ ಹೋಗಬೇಕಾಗಿಲ್ಲ. ಪಂಪ್‌ಸೆಟ್ಟಿನ ಸ್ಟಾರ್ಟರ್ ಓವರ್‌ಲೋಡಿಗೆ ಟ್ರಿಪ್ ಆದಾಗ ಏನು ಮಾಡಬೇಕು ಅಂತ ಹತ್ತು ಸಾಲಿನಲ್ಲಿ ಬರೆಯಿರಿ. ಮೊದಲು ಗೊತ್ತಿರುವ ಎಲೆಕ್ಟ್ರಿಷಿಯನ್‌ಗೆ ತೋರಿಸಿ ತಪ್ಪು ತಿದ್ದಿಸಿ. ಆಮೇಲೆ ಅದನ್ನು ಗೊತ್ತಿಲ್ಲದ ಒಬ್ಬರ ಕೈಗೆ ಕೊಡಿ, ಅತ್ತಿಗೆ, ಚಿಕ್ಕಪ್ಪ, ಯಾರಾದರೂ ಸರಿ. ಕರೆಂಟ್ ತೆಗೆದ ಸ್ಟಾರ್ಟರಿನ ಮುಂದೆ ನಿಲ್ಲಿಸಿ ಗಟ್ಟಿಯಾಗಿ ಓದಿಸಿ, ಪ್ರತಿ ಸಾಲಿಗೆ ಯಾವ ಗುಂಡಿ ಅಂತ ಕೈ ತೋರಿಸಲು ಹೇಳಿ. ನೀವು ಬಾಯಿ ಮುಚ್ಚಿಕೊಂಡು ನಿಲ್ಲಿ. ಎಲ್ಲಿ ಕೈ ತಡೆಯಿತೋ ಅಲ್ಲಿ ನಿಮ್ಮ ವಾಕ್ಯ ಸೋತಿದೆ. ಅವರಿಗೆ ವಿವರಿಸಲು ಹೋಗಬೇಡಿ, ಕಾಗದ ತಿದ್ದಿ. ಇದೇ ರೀತಿ ಮೂರು ಮಾದರಿ ಮಾಡಿ, ಕನ್ನಡದಲ್ಲೂ ಇಂಗ್ಲಿಷಿನಲ್ಲೂ.

ಪತ್ರಿಕೋದ್ಯಮ ವಿಭಾಗದ ಮೇಷ್ಟ್ರುಗಳಿಗೆ ಒಂದು ಮಾತು. ನೀವು ಪಠ್ಯಕ್ರಮ ಬದಲಾಗಲು ಐದು ವರ್ಷ ಬೇಕು, ಮಂಡಳಿ ಒಪ್ಪಬೇಕು ಅಂತೀರಿ. ಪ್ರಾಯೋಗಿಕ ಅಂಕಗಳು ನಿಮ್ಮ ಕೈಯಲ್ಲೇ ಇವೆ. ಈ ವರ್ಷ ಪ್ರಾಯೋಗಿಕ ಪತ್ರಿಕೆ ತರುವಾಗ ಒಂದು ಪುಟವನ್ನು ಇದಕ್ಕೆ ಬಿಡಿ. ಪಕ್ಕದ ಹಳ್ಳಿಯ ಗೊಬ್ಬರದ ಅಂಗಡಿಯಿಂದ ಒಂದು ಚೀಟಿ ತರಿಸಿ, ಹುಡುಗರಿಗೆ ಕೊಟ್ಟು, ಕೃಷಿ ವಿಜ್ಞಾನ ಕೇಂದ್ರದ ವಿಜ್ಞಾನಿಯನ್ನು ಮಾತಾಡಿಸಿ ಮತ್ತೆ ಬರೆಯಲು ಹೇಳಿ. ವಿಜ್ಞಾನಿ ಸರಿ ಅಂದ ಮೇಲೆ ಹೊಲದಲ್ಲಿ ಓದಿಸಲಿ. ಅಂಕ ಕೊಡುವವರು ನೀವಾಗಬೇಡಿ, ಎಣ್ಣಿ ಹೊಡೆಯುವವರು ಕೊಡಲಿ.